ಗಗನಪಥದ ಸಾಧಕ ಜೆ. ಆರ್. ಡಿ. ಟಾಟಾ

ಹಕ್ಕಿಯಂತೆ ಹಾರಬೇಕೆಂಬ ಹಂಬಲ ಮಾನವಕುಲಕ್ಕೆ ಅನಾದಿಯಾದುದು. ಪುರಾಣೇತಿಹಾಸಗಳಲ್ಲಿ ಪುಷ್ಪಕವಿಮಾನದ ಕಲ್ಪನೆ ಮೂಡಿದುದೂ ಆ ಹಂಬಲದಿಂದಲೇ. ಆದರೆ ಹಂಬಲ ಬೇರೆ, ಅರ್ಹತೆ ಬೇರೆ. ಹಂಬಲವು ಕ್ಷಣಮಾತ್ರದಲ್ಲಿ ಹುಟ್ಟಬಲ್ಲುದು; ಅರ್ಹತೆಯಾದರೋ ವರ್ಷಗಳ ಸಾಧನೆಯಿಂದ ಮಾತ್ರ ಲಭಿಸತಕ್ಕದ್ದು. ಇವೆರಡರ ನಡುವಣ ದೂರವನ್ನು ತಾಳ್ಮೆಯಿಂದ ಕ್ರಮಿಸಿದವನೇ ಸಾಧಕನೆನಿಸಿಕೊಳ್ಳುತ್ತಾನೆ. ಹದಿನೈದರ ಹರೆಯದಲ್ಲಿ ವಿಮಾನಚಾಲಕನಾಗಬೇಕೆಂದು ಸಂಕಲ್ಪಿಸಿ, ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಆ ಸಂಕಲ್ಪವನ್ನು ಸಿದ್ಧಿಸಿಕೊಂಡು, ಎಪ್ಪತ್ತೆಂಟನೆಯ ವಯಸ್ಸಿನಲ್ಲಿಯೂ ಏಕಾಂಗಿಯಾಗಿ ಗಗನಕ್ಕೇರಿದ ಜೆ. ಆರ್. ಡಿ. ಟಾಟಾ ಅವರ ಜೀವನ ಈ ಮಾತಿಗೆ ಉಜ್ವಲವಾದ ನಿದರ್ಶನವಾಗಿದೆ.

ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ ಅವರು 1904ನೆಯ ಇಸವಿ ಜುಲೈ 29ರಂದು ಫ್ರಾನ್ಸಿನ ರಾಜಧಾನಿಯಾದ ಪ್ಯಾರಿಸ್ ನಗರದಲ್ಲಿ ಜನಿಸಿದರು. ತಂದೆ ರತನ್‌ಜಿ ದಾದಾಭಾಯಿ ಟಾಟಾ ಅವರು ಭಾರತದ ಉದ್ಯಮಪಿತಾಮಹರಾದ ಜಮ್‌ಷೆಟ್‌ಜಿ ಟಾಟಾ ಅವರ ಬಂಧುಗಳು, ವ್ಯವಹಾರದಲ್ಲಿ ಪಾಲುದಾರರು. ತಾಯಿ ಸುಜಾನ್ ಬ್ರಿಯೇರ್ ಫ್ರೆಂಚ್ ಮಹಿಳೆ. ದಂಪತಿಗಳ ಐವರು ಮಕ್ಕಳಲ್ಲಿ ಜಹಾಂಗೀರರು ಎರಡನೆಯವರು. ತಂದೆಯ ವ್ಯಾಪಾರದ ನಿಮಿತ್ತವಾಗಿ ಕುಟುಂಬವು ಫ್ರಾನ್ಸ್, ಜಪಾನ್, ಭಾರತಗಳ ನಡುವೆ ಸಂಚರಿಸುತ್ತಲೇ ಇತ್ತು. ಹೀಗಾಗಿ ಬಾಲಕನ ವಿದ್ಯಾಭ್ಯಾಸ ಒಂದೆಡೆ ನೆಲೆನಿಲ್ಲಲಿಲ್ಲ. ಮನೆಯ ಮಾತು ಫ್ರೆಂಚ್. ಇಂಗ್ಲಿಷ್ ಭಾಷೆಯನ್ನು ಅನಂತರ ಪ್ರಯತ್ನಪೂರ್ವಕವಾಗಿ ಕಲಿಯಬೇಕಾಯಿತು. ಇಂಗ್ಲಿಷ್ ಬಾರದೆಂದು ಕೀಳರಿಮೆಯಿಂದ ಕುಗ್ಗುವ ಗ್ರಾಮಾಂತರದ ವಿದ್ಯಾರ್ಥಿಗಳು ಈ ಅಂಶವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಮುಂದೆ ಜಗತ್ತಿನ ಉದ್ಯಮಪತಿಗಳ ಸಭೆಗಳಲ್ಲಿ ನಿರರ್ಗಳವಾಗಿ ಮಾತನಾಡಿದ ಈ ಮಹನೀಯರಿಗೂ ಇಂಗ್ಲಿಷ್ ತೊಟ್ಟಿಲಿನ ಭಾಷೆಯಾಗಿರಲಿಲ್ಲ.

ಉತ್ತರ ಫ್ರಾನ್ಸಿನ ಕಡಲ ತೀರದಲ್ಲಿ ಆರ್ಡೆಲೋ ಎಂಬ ಊರಿದೆ. ಬೇಸಿಗೆಯ ದಿನಗಳನ್ನು ಕಳೆಯಲು ಟಾಟಾ ಕುಟುಂಬ ಅಲ್ಲಿಗೆ ಹೋಗುತ್ತಿತ್ತು. 1909ರ ಜುಲೈ 25ರಂದು ವಿಮಾನದಲ್ಲಿ ಇಂಗ್ಲಿಷ್ ಕಡಲ್ಗಾಲುವೆಯನ್ನು ಮೊಟ್ಟಮೊದಲು ದಾಟಿ ಜಗದ್ವಿಖ್ಯಾತರಾದ ಲೂಯಿ ಬ್ಲೆರಿಯೋ ಅವರ ಮನೆಯೂ ಅದೇ ತೀರದಲ್ಲಿತ್ತು. ಬ್ಲೆರಿಯೋ ಅವರ ವಿಮಾನಗಳು ಆ ಮರಳದಂಡೆಯ ಮೇಲೆ ಇಳಿಯುತ್ತಿದ್ದವು. ಕಟ್ಟಿಗೆ, ಬಟ್ಟೆ, ತಂತಿಗಳಿಂದ ಕಟ್ಟಿದ ಆ ದುರ್ಬಲವಾದ ಯಂತ್ರಪಕ್ಷಿಗಳನ್ನು ಬಾಲಕ ಜಹಾಂಗೀರ್ ಕಣ್ಣರಳಿಸಿ ನೋಡುತ್ತಿದ್ದನು. ಹದಿನೈದನೆಯ ವಯಸ್ಸಿನಲ್ಲಿ ಅದೇ ಊರಿನಲ್ಲಿ ಪ್ರಯಾಣಿಕನಾಗಿ ಒಮ್ಮೆ ವಿಮಾನವನ್ನೇರುವ ಅವಕಾಶ ದೊರೆಯಿತು. ಹಾರಾಟ ಕೆಲವೇ ನಿಮಿಷಗಳದ್ದು. ಆದರೆ ನೆಲಕ್ಕಿಳಿದಾಗ ಆ ಬಾಲಕನ ಮನಸ್ಸಿನಲ್ಲಿ ಮುಂದೊಂದು ದಿನ ತಾನೇ ವಿಮಾನ ನಡೆಸಬೇಕೆಂಬ ನಿಶ್ಚಯ ನೆಲೆಗೊಂಡಿತ್ತು.

ಆ ನಿಶ್ಚಯ ಕೈಗೂಡಲು ಹತ್ತಿರ ಹತ್ತಿರ ಹತ್ತು ವರ್ಷಗಳೇ ಹಿಡಿದವು. ಈ ಅವಧಿಯ ವೃತ್ತಾಂತವು ಬಹುತೇಕ ವಿಘ್ನಪರಂಪರೆಯೇ ಆಗಿದೆ. 1923ರಲ್ಲಿ ತಾಯಿ ತೀರಿಕೊಂಡರು. ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾನಿಲಯವನ್ನು ಸೇರಿ ಎಂಜಿನಿಯರಿಂಗ್ ವ್ಯಾಸಂಗ ಮಾಡಬೇಕೆಂಬ ಆಸೆಯಿತ್ತು. ಅಷ್ಟರಲ್ಲಿ ಫ್ರೆಂಚ್ ಪ್ರಜೆಯಾಗಿದ್ದ ತರುಣನಿಗೆ ಕಡ್ಡಾಯ ಸೈನಿಕ ಸೇವೆಯ ಕರೆ ಬಂದಿತು. ಸ್ಪಾಹಿಗಳೆಂಬ ಅಶ್ವದಳದಲ್ಲಿ ಒಂದು ವರ್ಷ ಸೇವೆ ಸಲ್ಲಿಸಿದ ಮೇಲೆ ಅಲ್ಲಿಯೇ ಮುಂದುವರಿದು ಅಶ್ವಾರೋಹಣದ ಉನ್ನತ ಶಿಕ್ಷಣ ಪಡೆಯುವ ಇಚ್ಛೆಯುಂಟಾಯಿತು. ತಂದೆ ಅದಕ್ಕೊಪ್ಪದೆ ಮಗನನ್ನು ಭಾರತಕ್ಕೆ ಕರೆಸಿಕೊಂಡರು. ವಿಧಿಯ ವಿಲಾಸವೆಂದರೆ, ಕೆಲಕಾಲದಲ್ಲಿಯೇ ಆ ಅಶ್ವದಳವು ಮೊರಾಕ್ಕೋ ದೇಶದ ಯುದ್ಧದಲ್ಲಿ ನಾಶವಾಯಿತು. ತಂದೆಯ ಮಾತಿಗೆ ಮಣಿದ ವಿಧೇಯತೆಯೇ ಪ್ರಾಣವನ್ನು ಕಾಯಿತೆನ್ನಬೇಕು.

1925ರ ಕೊನೆಯಲ್ಲಿ ಭಾರತಕ್ಕೆ ಬಂದ ತರುಣರನ್ನು ತಂದೆ ಟಾಟಾ ಉಕ್ಕಿನ ಕಂಪನಿಯ ಹಿರಿಯ ಅಧಿಕಾರಿಗಳಾದ ಜಾನ್ ಪೀಟರ್‌ಸನ್ ಎಂಬ ಅನುಭವಿಗಳ ವಶಕ್ಕೊಪ್ಪಿಸಿದರು. ಪೀಟರ್‌ಸನ್ನರ ಕೋಣೆಯಲ್ಲಿಯೇ ಒಂದು ಮೇಜು. ಅವರ ಮುಂದೆ ಬರುವ ಪ್ರತಿಯೊಂದು ಕಾಗದವೂ ಮೊದಲು ಈ ತರುಣರ ಕೈಸೇರಿ, ಓದಿಸಿಕೊಂಡು, ಅನಂತರ ಮುಂದೆ ಸಾಗುವುದು. ಉಕ್ಕಿನ ಲೆಕ್ಕಪತ್ರಗಳಿಗೂ ಆಕಾಶಯಾನಕ್ಕೂ ಸಂಬಂಧವೆಲ್ಲಿಯದು ಎಂದು ಯಾರಿಗಾದರೂ ತೋರಬಹುದು. ಆದರೆ ಯಾವ ಸಣ್ಣ ವಿಷಯವನ್ನೂ ಉಪೇಕ್ಷಿಸದೆ ಪರಾಮರ್ಶಿಸುವ ಅಭ್ಯಾಸ ಆ ಮೇಜಿನ ಮುಂದೆಯೇ ಬಲಗೊಂಡಿತು. ಆಕಾಶದಲ್ಲಿ ಜೀವವನ್ನು ಕಾಯುವುದು ಆ ಅಭ್ಯಾಸವೇ ಹೊರತು ಕೇವಲ ಸಾಹಸವಲ್ಲ.

1926ರಲ್ಲಿ ತಂದೆಯೂ ಅಗಲಿದರು. ಇಪ್ಪತ್ತೆರಡರ ತರುಣರ ಹೆಗಲ ಮೇಲೆ ಸಂಸಾರದ ಭಾರ ಬಿದ್ದಿತು. ಕೇಂಬ್ರಿಜ್‌ನ ಆಸೆ ಅಲ್ಲಿಗೆ ಕೊನೆಗಂಡಿತು. ವಿಶ್ವವಿದ್ಯಾನಿಲಯದ ಪದವಿಯೊಂದು ದೊರೆಯಲಿಲ್ಲವೆಂಬ ಕೊರಗು ಅವರಿಗೆ ಜೀವನಪರ್ಯಂತ ಉಳಿಯಿತು. ಆ ಕೊರತೆಯನ್ನು ಅವರು ನಿರಂತರವಾದ ಸ್ವಾಧ್ಯಾಯದಿಂದ ತುಂಬಿಕೊಂಡರು. ವಿದ್ಯೆಯು ಗುರುಮುಖದಿಂದ ಕಾಲುಭಾಗ, ಸ್ವಬುದ್ಧಿಯಿಂದ ಕಾಲುಭಾಗ, ಸಹಾಧ್ಯಾಯಿಗಳಿಂದ ಕಾಲುಭಾಗ, ಕಾಲಕ್ರಮದಿಂದ ಇನ್ನುಳಿದ ಕಾಲುಭಾಗ ದೊರೆಯುವುದೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಟಾಟಾ ಅವರ ಪಾಲಿಗೆ ಮೊದಲನೆಯ ಭಾಗ ಕುಗ್ಗಿದಾಗ ಉಳಿದ ಮೂರು ಭಾಗಗಳು ಹಿಗ್ಗಿದವು.

1920ರ ದಶಕದ ಕೊನೆಯಲ್ಲಿ ಭಾರತದ ಪ್ರಮುಖ ನಗರಗಳಲ್ಲಿ ವಿಮಾನ ಚಾಲನೆಯ ಕ್ಲಬ್ಬುಗಳು ಆರಂಭವಾದವು. ಮುಂಬಯಿಯಲ್ಲಿಯೂ ಅಂಥದೊಂದು ಕ್ಲಬ್ಬು ತೆರೆದ ಸುದ್ದಿ ತಿಳಿದೊಡನೆ ಟಾಟಾ ಅವರು ಅಲ್ಲಿಗೆ ಧಾವಿಸಿದರು. ಒಂಬತ್ತು ವರ್ಷಗಳಿಂದ ಒಳಗೇ ಉರಿಯುತ್ತಿದ್ದ ದೀಪಕ್ಕೆ ಈಗ ಎಣ್ಣೆ ಎರೆದಂತಾಯಿತು. ಶಿಕ್ಷಕರೊಡನೆ ನಾಲ್ಕು ಗಂಟೆಗಳಿಗೂ ಕಡಿಮೆ ಕಾಲ ಹಾರಿದ ಮೇಲೆಯೇ ಏಕಾಂಗಿಯಾಗಿ ವಿಮಾನ ನಡೆಸುವ ಸಾಮರ್ಥ್ಯ ಅವರಿಗೆ ಬಂದಿತು. 1929ರ ಫೆಬ್ರವರಿ 10ರಂದು ಭಾರತ ಮತ್ತು ಬರ್ಮಾ ಏರೋ ಕ್ಲಬ್ಬು ಅವರಿಗೆ ಚಾಲಕರ ಅನುಮತಿಪತ್ರವನ್ನು ನೀಡಿತು. ಆ ಪತ್ರದ ಸಂಖ್ಯೆ 1. ಭಾರತದ ನೆಲದಲ್ಲಿ ಅರ್ಹತೆ ಪಡೆದ ಮೊದಲ ವಿಮಾನಚಾಲಕರೆಂಬ ಕೀರ್ತಿ ಹೀಗೆ ಅವರದಾಯಿತು. ಅದೇ ವರ್ಷ ಫ್ರೆಂಚ್ ಪೌರತ್ವವನ್ನು ತ್ಯಜಿಸಿ ಅವರು ಭಾರತೀಯರಾದರು.

ಇದರ ಮರುವರ್ಷ ನಡೆದ ಪ್ರಸಂಗವೊಂದು ಅವರ ವ್ಯಕ್ತಿತ್ವಕ್ಕೆ ಕನ್ನಡಿ ಹಿಡಿಯುತ್ತದೆ. ಭಾರತ ಮತ್ತು ಇಂಗ್ಲೆಂಡುಗಳ ನಡುವೆ ಏಕಾಂಗಿಯಾಗಿ ಹಾರಿಹೋಗುವ ಮೊದಲ ಭಾರತೀಯನಿಗೆ 500 ಪೌಂಡುಗಳ ಬಹುಮಾನವನ್ನು ಆಗಾ ಖಾನರು ಘೋಷಿಸಿದ್ದರು. ಟಾಟಾ ಅವರು 1930ರ ಮೇ ತಿಂಗಳಲ್ಲಿ ಕರಾಚಿಯಿಂದ ಇಂಗ್ಲೆಂಡಿನತ್ತ ಹೊರಟರು. ಆಸ್ಪಿ ಎಂಜಿನಿಯರ್ ಎಂಬ ಹದಿನೇಳು ವರ್ಷದ ಹುಡುಗ ಇಂಗ್ಲೆಂಡಿನಿಂದ ಕರಾಚಿಯತ್ತ ಹೊರಟಿದ್ದನು. ಇಬ್ಬರದೂ ಜಿಪ್ಸಿ ಮಾತ್ ಎಂಬ ತೆರೆದ ಆಸನದ ಪುಟ್ಟ ವಿಮಾನ. ರೇಡಿಯೊ ಇಲ್ಲ, ದಿಕ್ಸೂಚಿ, ಭೂಪಟ, ತಮ್ಮ ಕಣ್ಣು — ಇಷ್ಟೇ ಆಧಾರ. ಈಜಿಪ್ಟಿನ ಅಬೂಕೀರ್ ವಿಮಾನನೆಲೆಯಲ್ಲಿ ಟಾಟಾ ಅವರು ಇಳಿದಾಗ ಆ ಹುಡುಗ ಅಲ್ಲಿ ಸಿಕ್ಕಿಕೊಂಡಿದ್ದನು. ಅವನ ವಿಮಾನದ ಎಂಜಿನ್ನಿಗೆ ಸ್ಪಾರ್ಕ್ ಪ್ಲಗ್ಗುಗಳು ಬೇಕಾಗಿದ್ದವು. ಅಲ್ಲಿ ಅವು ದೊರೆಯುವಂತಿರಲಿಲ್ಲ. ಟಾಟಾ ಅವರು ಮುಂಜಾಗ್ರತೆಯಿಂದ ಬಿಡಿ ಪ್ಲಗ್ಗುಗಳನ್ನು ತಂದಿದ್ದರು. ಅವುಗಳನ್ನು ಪ್ರತಿಸ್ಪರ್ಧಿಗೆ ಕೊಟ್ಟರು. ಹುಡುಗನು ಕೃತಜ್ಞತೆಯಿಂದ ತನ್ನ ಜೀವರಕ್ಷಕ ಅಂಗಿಯನ್ನು ಅವರಿಗೆ ನೀಡಿ ಮುಂದೆ ಹಾರಿದನು. ಬಹುಮಾನ ಆಸ್ಪಿಯ ಪಾಲಾಯಿತು. ಟಾಟಾ ಅವರು ಸೋತರು, ಸೋತದ್ದಕ್ಕೆ ಪರಿತಪಿಸಲಿಲ್ಲ.

ಈ ಪ್ರಸಂಗದಲ್ಲಿ ಔದಾರ್ಯವನ್ನು ಕೊಂಡಾಡುವವರು ಅನೇಕರು. ಆದರೆ ಬಿಡಿ ಪ್ಲಗ್ಗುಗಳು ತಮ್ಮ ಬಳಿಯಲ್ಲಿ ಇಲ್ಲದೆ ಇದ್ದಿದ್ದರೆ ಔದಾರ್ಯಕ್ಕೆ ಅವಕಾಶವೆಲ್ಲಿತ್ತು? ಸಿದ್ಧತೆಯುಳ್ಳವನು ಮಾತ್ರ ಇನ್ನೊಬ್ಬರಿಗೆ ನೆರವಾಗಬಲ್ಲನು. ಕಾಯಕವಿಲ್ಲದೆ ದಾಸೋಹವಿಲ್ಲವೆಂಬ ಶರಣರ ತತ್ತ್ವವೇ ದೂರದ ಆ ಮರಳುನಾಡಿನಲ್ಲಿ ಬೇರೊಂದು ರೂಪದಲ್ಲಿ ಕಾಣಿಸಿಕೊಂಡಿತು. ಬಹುಮಾನ ಗೆದ್ದ ಆ ಹುಡುಗ ವಾಯುಸೇನೆಯನ್ನು ಸೇರಿ 1960ರಲ್ಲಿ ಭಾರತೀಯ ವಾಯುಸೇನೆಯ ಮುಖ್ಯಸ್ಥನಾದುದನ್ನು ನೆನೆದರೆ, ಅಂದು ಕೊಟ್ಟ ಪ್ಲಗ್ಗುಗಳ ಬೆಲೆ 500 ಪೌಂಡುಗಳಿಗಿಂತ ಎಷ್ಟೋ ಹೆಚ್ಚಿನದೆಂದು ವೇದ್ಯವಾಗುತ್ತದೆ.

ಆ ಕಾಲದಲ್ಲಿ ಇಂಗ್ಲೆಂಡಿನ ಟಪಾಲು ವಿಮಾನದ ಮೂಲಕ ಕರಾಚಿಯವರೆಗೆ ಬರುತ್ತಿತ್ತು. ಅಲ್ಲಿಂದ ಮುಂದೆ ರೈಲೇ ಗತಿ. ನೆವಿಲ್ ವಿನ್ಸೆಂಟ್ ಎಂಬ ನಿವೃತ್ತ ಬ್ರಿಟಿಷ್ ವಾಯುಸೈನಿಕರು ಕರಾಚಿಯಿಂದ ಮದರಾಸಿನವರೆಗೆ ವಿಮಾನದಲ್ಲಿ ಟಪಾಲು ಒಯ್ಯುವ ಯೋಜನೆಯೊಂದನ್ನು ಟಾಟಾ ಅವರ ಮುಂದಿಟ್ಟರು. ಸಂಸ್ಥೆಯ ಅಧ್ಯಕ್ಷರಾಗಿದ್ದ ವೃದ್ಧ ಸರ್ ದೊರಾಬ್‌ಜಿ ಟಾಟಾ ಅವರಿಗೆ ಈ ಸಾಹಸ ರುಚಿಸಲಿಲ್ಲ. ಪೀಟರ್‌ಸನ್ನರು ತಮ್ಮ ಶಿಷ್ಯನ ಪರವಾಗಿ ಮಾತನಾಡಿ ಒಪ್ಪಿಸಿದರು. ಬಂಡವಾಳ 2 ಲಕ್ಷ ರೂಪಾಯಿ. ಸರ್ಕಾರದೊಡನೆ ವರ್ಷಗಟ್ಟಲೆ ಪತ್ರವ್ಯವಹಾರ ನಡೆದ ತರುವಾಯ ಅನುಮತಿ ದೊರೆಯಿತು. 1932ರ ಅಕ್ಟೋಬರ್ 15ರ ಮುಂಜಾನೆ ಟಾಟಾ ಅವರು ಪುಸ್ ಮಾತ್ ಎಂಬ ಒಂಟಿ ಎಂಜಿನ್ನಿನ ಚಿಕ್ಕ ವಿಮಾನದಲ್ಲಿ ಟಪಾಲಿನ ಚೀಲಗಳನ್ನಿರಿಸಿಕೊಂಡು ಕರಾಚಿಯಿಂದ ಹೊರಟರು. ಅಹಮದಾಬಾದಿನಲ್ಲಿ ಇಂಧನ ತುಂಬಿಸಿಕೊಳ್ಳಬೇಕು. ವಿಮಾನಕ್ಕೆ ಬೇಕಾದ ಪೆಟ್ರೋಲಿನ ಡಬ್ಬಿಗಳು ಎತ್ತಿನ ಗಾಡಿಯಲ್ಲಿ ಬಂದವು. ಒಂದು ಯುಗದ ವಾಹನ ಇನ್ನೊಂದು ಯುಗದ ವಾಹನಕ್ಕೆ ಉಣಬಡಿಸಿದ ದೃಶ್ಯವದು. ಅದೇ ಮಧ್ಯಾಹ್ನ ವಿಮಾನ ಮುಂಬಯಿಯ ಜುಹೂ ಬಯಲಿನಲ್ಲಿಳಿಯಿತು. ಭಾರತದ ನಿಯತ ವಿಮಾನಸೇವೆ ಅಂದು ಉದಯವಾಯಿತು.

ಕನ್ನಡಿಗರು ಅಭಿಮಾನದಿಂದ ಸ್ಮರಿಸಬೇಕಾದ ಸಂಗತಿಯೊಂದಿದೆ. ಮುಂಬಯಿಯಿಂದ ಮುಂದಿನ ಹಾದಿಯನ್ನು ವಿನ್ಸೆಂಟರು ಕ್ರಮಿಸಿದರು. ಮದರಾಸನ್ನು ತಲಪುವ ಮುನ್ನ ಅವರ ವಿಮಾನ ಇಳಿದುದು ಅಂದು ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿಯಲ್ಲಿ. ದೇಶದ ಪ್ರಪ್ರಥಮ ವಿಮಾನಮಾರ್ಗದ ಒಂದು ತಂಗುದಾಣವಾಗುವ ಭಾಗ್ಯ ಹೀಗೆ ಕನ್ನಡನಾಡಿನ ನೆಲಕ್ಕೆ ಒದಗಿತು.

ಹೊಸ ಸಂಸ್ಥೆಯ ಆಸ್ತಿಯಾದರೂ ಎಷ್ಟು? ಎರಡು ಚಿಕ್ಕ ವಿಮಾನಗಳು, ಬೆರಳೆಣಿಕೆಯ ಚಾಲಕರು ಮತ್ತು ಯಂತ್ರತಜ್ಞರು. ಜುಹೂ ಬಯಲು ಮಳೆಗಾಲದಲ್ಲಿ ನೀರು ನಿಂತು ಕೆಸರಾಗುತ್ತಿದ್ದುದರಿಂದ ಆ ತಿಂಗಳುಗಳಲ್ಲಿ ಪುಣೆಗೆ ವಾಸ್ತವ್ಯ ಬದಲಿಸಬೇಕಾಗುತ್ತಿತ್ತು. ಆದರೂ ಮೊದಲ ವರ್ಷದಲ್ಲಿ 1,60,000 ಮೈಲಿಗಳ ಹಾರಾಟ ನಡೆಯಿತು. 155 ಮಂದಿ ಪ್ರಯಾಣಿಕರು ಸಂಚರಿಸಿದರು. ಮಳೆಗಾಲದ ಮೋಡಗಳಲ್ಲಿ ಪಶ್ಚಿಮಘಟ್ಟಗಳನ್ನು ದಾಟಬೇಕಾಗಿದ್ದರೂ ಸೇವೆ ವೇಳೆತಪ್ಪಲಿಲ್ಲವೆಂದು ಸರ್ಕಾರದ ವಿಮಾನಯಾನ ಇಲಾಖೆಯೇ ಪ್ರಶಂಸಿಸಿತು.

ಈ ಯಶಸ್ಸಿನ ಹಿಂದೆ ನೋವೂ ಇತ್ತು. ಟಾಟಾ ಅವರ ಕಿರಿಯ ತಮ್ಮ ಜಿಮ್ಮಿ ತಾರುಣ್ಯದಲ್ಲಿಯೇ ವಿಮಾನ ದುರಂತದಲ್ಲಿ ಮಡಿದರು. ಬಲಗೈಯಂತಿದ್ದ ವಿನ್ಸೆಂಟರು 1942ರಲ್ಲಿ, ಯುದ್ಧದ ದಿನಗಳಲ್ಲಿ, ತಾವು ಪ್ರಯಾಣಿಸುತ್ತಿದ್ದ ವಿಮಾನದೊಡನೆ ಕಣ್ಮರೆಯಾದರು. ಒಡಹುಟ್ಟಿದವನನ್ನೂ ಒಡನಾಡಿಯನ್ನೂ ಆಕಾಶಕ್ಕೆ ಒಪ್ಪಿಸಿದ ಮೇಲೂ ಟಾಟಾ ಅವರು ವಿಮಾನಯಾನವನ್ನು ತೊರೆಯಲಿಲ್ಲ. ಅಜಾಗರೂಕತೆಯನ್ನು ಮಾತ್ರ ಎಂದೂ ಕ್ಷಮಿಸಲಿಲ್ಲ. ಅವರ ಶಿಸ್ತಿನ ಕಾಠಿಣ್ಯವನ್ನು ಕುರಿತು ಮಾತನಾಡುವವರು ಈ ದುಃಖವನ್ನೂ ಗಮನಿಸಬೇಕಾಗುತ್ತದೆ.

1938ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿಗೆ, ಅವರು ಟಾಟಾ ಸಮೂಹದ ಅಧ್ಯಕ್ಷರಾದರು. 1946ರಲ್ಲಿ ಅವರ ವಿಮಾನಸಂಸ್ಥೆ ಏರ್ ಇಂಡಿಯಾ ಎಂಬ ಹೆಸರು ತಳೆಯಿತು. 1948ರ ಜೂನ್ 8ರಂದು ಮಲಬಾರ್ ಪ್ರಿನ್ಸೆಸ್ ಎಂಬ ವಿಮಾನ ಮುಂಬಯಿಯಿಂದ ಲಂಡನ್ನಿಗೆ ಹೊರಟು, ಸ್ವತಂತ್ರ ಭಾರತದ ಅಂತರರಾಷ್ಟ್ರೀಯ ವಿಮಾನಸೇವೆಗೆ ನಾಂದಿ ಹಾಡಿತು. 1953ರಲ್ಲಿ ಸರ್ಕಾರವು ವಿಮಾನಸಂಸ್ಥೆಗಳನ್ನು ರಾಷ್ಟ್ರೀಕರಣಗೊಳಿಸಿತು. ತಾವು ಕಟ್ಟಿದ ಸಂಸ್ಥೆ ಕೈಬಿಟ್ಟುದು ಅವರಿಗೆ ವ್ಯಥೆ ತಂದಿತಾದರೂ ಸರ್ಕಾರದ ಕೋರಿಕೆಯಂತೆ ಅದರ ಅಧ್ಯಕ್ಷಪದವಿಯನ್ನು ವಹಿಸಿಕೊಂಡು, ವೇತನ ಪಡೆಯದೆ ಇಪ್ಪತ್ತೈದು ವರ್ಷ ದುಡಿದರು. ವಿಮಾನದಲ್ಲಿ ಪ್ರಯಾಣಿಸುವಾಗಲೆಲ್ಲ ಪರದೆಗಳ ಬಣ್ಣ, ಊಟದ ರುಚಿ, ಶೌಚಾಲಯದ ಶುಚಿತ್ವಗಳನ್ನು ಪರಿಶೀಲಿಸಿ ಟಿಪ್ಪಣಿ ಬರೆದು ಕಳುಹಿಸುತ್ತಿದ್ದರು. ಕೊಳೆಯಾದುದೇನಾದರೂ ಕಣ್ಣಿಗೆ ಬಿದ್ದರೆ ತಾವೇ ಒರೆಸುವುದಕ್ಕೂ ಹಿಂಜರಿಯುತ್ತಿರಲಿಲ್ಲ. 1978ರಲ್ಲಿ ಸರ್ಕಾರವು ಅವರನ್ನು ಆ ಸ್ಥಾನದಿಂದ ಬಿಡುಗಡೆ ಮಾಡಿತು. ಅಧಿಕಾರ ಹೋದರೂ ಅವರ ಗಗನಪ್ರೇಮ ಹೋಗಲಿಲ್ಲ. 1982ರ ಅಕ್ಟೋಬರ್ 15ರಂದು, ಮೊದಲ ಹಾರಾಟದ ಸುವರ್ಣಮಹೋತ್ಸವದ ದಿನ, ಎಪ್ಪತ್ತೆಂಟರ ವೃದ್ಧರು ಲೆಪರ್ಡ್ ಮಾತ್ ಎಂಬ ಹಳೆಯ ವಿಮಾನವನ್ನು ತಾವೇ ನಡೆಸಿಕೊಂಡು ಕರಾಚಿಯಿಂದ ಅಹಮದಾಬಾದಿನ ಮಾರ್ಗವಾಗಿ ಮುಂಬಯಿಗೆ ಬಂದಿಳಿದರು. ತರುಣ ಪೀಳಿಗೆಯಲ್ಲಿ ಉತ್ಸಾಹ ಬತ್ತುತ್ತಿರುವುದನ್ನು ಕಂಡು, ಅದನ್ನು ಮತ್ತೆ ಚಿಗುರಿಸುವುದೇ ಆ ಹಾರಾಟದ ಉದ್ದೇಶವಾಗಿತ್ತು.

ಬೆಂಗಳೂರಿನೊಡನೆಯೂ ಅವರ ನಂಟು ಗಾಢವಾದುದು. ನಗರದ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯು 1988ರಲ್ಲಿ ಸ್ಥಾಪಿತವಾದುದು ಅವರ ಪ್ರೇರಣೆಯಿಂದಲೇ. ಜಮ್‌ಷೆಟ್‌ಜಿ ಟಾಟಾ ಅವರ ಕನಸಿನ ಕೂಸಾದ ಭಾರತೀಯ ವಿಜ್ಞಾನ ಮಂದಿರದ ಗ್ರಂಥಾಲಯ ಇಂದು ಜೆ. ಆರ್. ಡಿ. ಅವರ ಹೆಸರನ್ನು ಹೊತ್ತಿದೆ. ಪದವಿಯಿಲ್ಲವೆಂದು ಕೊರಗಿದವರ ಹೆಸರು ವಿದ್ವತ್ತೆಯ ಮಂದಿರದ ಬಾಗಿಲಲ್ಲಿ ನೆಲೆಸಿದುದು ಅರ್ಥಪೂರ್ಣವಾಗಿದೆ. 1992ರಲ್ಲಿ ರಾಷ್ಟ್ರವು ಭಾರತರತ್ನ ಪ್ರಶಸ್ತಿಯಿಂದ ಅವರನ್ನು ಗೌರವಿಸಿತು. 1993ರ ನವೆಂಬರ್ 29ರಂದು ಜಿನೀವಾ ನಗರದಲ್ಲಿ ಅವರು ಇಹಲೋಕವನ್ನು ತ್ಯಜಿಸಿದರು. ಅವರು ಕಟ್ಟಿದ ಏರ್ ಇಂಡಿಯಾ 2022ರ ಜನವರಿಯಲ್ಲಿ ಮರಳಿ ಟಾಟಾ ಸಮೂಹದ ಕೈಸೇರಿತು.

ಈ ಜೀವನವನ್ನು ಪಾಠವಾಗಿ ಓದುವ ಬಾಲಕ ಬಾಲಿಕೆಯರು ಒಂದು ಅಂಶವನ್ನು ಗಮನಿಸಬೇಕು. ಟಾಟಾ ಅವರು ಅಂಬರಕ್ಕೇರಿದುದು 1929ರಲ್ಲಿಯಾದರೂ ಅದರ ಸಿದ್ಧತೆಯೆಲ್ಲ ನಡೆದುದು ನೆಲದ ಮೇಲೆಯೇ. ಇಂದು ಭಾರತದಲ್ಲಿ ಹದಿನಾರು ವರ್ಷ ತುಂಬಿದವರು ವಿದ್ಯಾರ್ಥಿ ಚಾಲಕರ ಅನುಮತಿಪತ್ರಕ್ಕೆ ಅರ್ಹರು. ವೃತ್ತಿಪರ ಚಾಲಕರ ಅನುಮತಿಪತ್ರಕ್ಕೆ ಹದಿನೆಂಟು ವರ್ಷ ತುಂಬಿರಬೇಕು, 200 ಗಂಟೆಗಳ ಹಾರಾಟ ಪೂರೈಸಿರಬೇಕು. ಪ್ರಯಾಣಿಕರ ದೊಡ್ಡ ವಿಮಾನದ ಕ್ಯಾಪ್ಟನ್ ಆಗುವುದಕ್ಕೆ ಇಪ್ಪತ್ತೊಂದು ವರ್ಷ ವಯಸ್ಸಿನ ಜೊತೆಗೆ 1500 ಗಂಟೆಗಳ ಅನುಭವ ಬೇಕು. ಹದಿಮೂರು ಹದಿನಾಲ್ಕರ ವಯಸ್ಸಿನವರಿಗೆ ವಿಮಾನದ ಹತ್ತಿರ ಸುಳಿಯುವ ಕಾಲ ಇನ್ನೂ ಬಂದಿರುವುದಿಲ್ಲ. ಆದರೆ ವ್ಯರ್ಥಗೊಳಿಸುವ ಕಾಲವೂ ಅದಲ್ಲ. ಗಾಳಿಯ ವೇಗವನ್ನೂ ದಿಕ್ಕನ್ನೂ ಲೆಕ್ಕಹಾಕಿ ಹಾದಿ ನಿರ್ಣಯಿಸುವವನಿಗೆ ತ್ರಿಕೋನಮಿತಿ ಬೇಕು. ರೆಕ್ಕೆಯ ಮೇಲೆ ಗಾಳಿ ಹರಿದು ವಿಮಾನ ಮೇಲೇಳುವ ಬಗೆಯನ್ನು ಅರಿಯಲು ಭೌತಶಾಸ್ತ್ರ ಬೇಕು. ಮೋಡ, ಮಳೆ, ಮಂಜುಗಳ ಗುಟ್ಟನ್ನು ತಿಳಿಯಲು ಭೂಗೋಳ ಬೇಕು. ದೇಶದೇಶಗಳ ನಡುವೆ ಹಾರುವ ಚಾಲಕರು ನೆಲದ ನಿಯಂತ್ರಕರೊಡನೆ ರೇಡಿಯೊದಲ್ಲಿ ಇಂಗ್ಲಿಷ್ ಭಾಷೆಯಲ್ಲಿ ವ್ಯವಹರಿಸುವುದರಿಂದ ಆ ಭಾಷೆಯಲ್ಲಿ ಸ್ಪಷ್ಟವಾದ ಮಾತು ಬೇಕು. ದೇಹಾರೋಗ್ಯವಂತೂ ಮೊದಲ ಮೆಟ್ಟಿಲು. ಕನ್ನಡಕ ಧರಿಸುವವರು ಅನರ್ಹರೆಂಬುದು ತಪ್ಪು ತಿಳಿವಳಿಕೆ. ಕನ್ನಡಕದಿಂದ ದೃಷ್ಟಿ ನಿಯತ ಪ್ರಮಾಣಕ್ಕೆ ಬರುವುದಾದರೆ ಬಾಧಕವಿಲ್ಲ. ಆದರೆ ಬಣ್ಣಗಳನ್ನು ಗುರುತಿಸುವ ಶಕ್ತಿ ಸರಿಯಾಗಿರಬೇಕು. ಹೆಚ್ಚಿನ ಹಣವನ್ನು ವ್ಯಯಮಾಡುವ ಮುನ್ನ, ಮಾನ್ಯತೆ ಪಡೆದ ವೈದ್ಯರಲ್ಲಿ ಈ ಪರೀಕ್ಷೆಗಳನ್ನು ಮಾಡಿಸಿಕೊಳ್ಳುವುದು ವಿವೇಕ.

ಇಲ್ಲಿ ಮರೆಮಾಚಲಾಗದ ಸತ್ಯವೊಂದುಂಟು. ಟಾಟಾ ಅವರು ಸಿರಿವಂತರ ಮನೆಯಲ್ಲಿ ಹುಟ್ಟಿದವರು. ವಿಮಾನ ಕಲಿಯುವ ವೆಚ್ಚ ಅವರನ್ನು ತಡೆಯಲಿಲ್ಲ. ಇಂದಿನ ತರಬೇತಿಗೆ ಹಲವು ಲಕ್ಷ ರೂಪಾಯಿಗಳು ಬೇಕು. ಒಕ್ಕಲುತನದ ಮನೆಯ ಮಗುವಿಗೆ ಈ ಮೊತ್ತವು ಆಕಾಶಕ್ಕಿಂತಲೂ ಎತ್ತರವಾಗಿ ತೋರಿದರೆ ಆಶ್ಚರ್ಯವಿಲ್ಲ. ಆದರೆ ಕನ್ನಡನಾಡಿನ ಮಠಗಳು ಪ್ರಸಾದನಿಲಯಗಳನ್ನು ತೆರೆದು, ಅನ್ನವನ್ನೂ ಅಕ್ಷರವನ್ನೂ ಒಟ್ಟಿಗೆ ನೀಡಿ, ಹೊಲದಿಂದ ಬಂದ ಹುಡುಗರನ್ನು ವೈದ್ಯರನ್ನಾಗಿಯೂ ಎಂಜಿನಿಯರುಗಳನ್ನಾಗಿಯೂ ನ್ಯಾಯಾಧೀಶರನ್ನಾಗಿಯೂ ರೂಪಿಸಿದ ಪರಂಪರೆ ಎಲ್ಲರಿಗೂ ವಿದಿತವಾದುದು. ಅಂದು ಅವರಿಗೂ ಆ ಪದವಿಗಳು ಆಕಾಶದಷ್ಟೇ ಎತ್ತರದಲ್ಲಿದ್ದವು. ಮಗುವಿನ ಒಲವನ್ನು ಹೊತ್ತಿಗೆ ಸರಿಯಾಗಿ ಗುರುತಿಸುವ ಅಧ್ಯಾಪಕರು, ಮಂಡಳಿಯ ಮುಂದೆ ಅದರ ಪರವಾಗಿ ನಿಲ್ಲುವ ಹಿರಿಯರು, ವಿದ್ಯಾರ್ಥಿವೇತನದ ರೂಪದಲ್ಲಿ ಕೈಹಿಡಿಯುವ ದಾನಿಗಳು — ಈ ಮೂವರು ಕೂಡಿದೆಡೆ ದೂರವು ತಾನಾಗಿ ಕುಗ್ಗುತ್ತದೆ. ಟಾಟಾ ಅವರಿಗೂ ಪೀಟರ್‌ಸನ್ನರಂಥ ಗುರು ಬೇಕಾಯಿತೆಂಬುದನ್ನು ಮರೆಯುವಂತಿಲ್ಲ.

ಅಬೂಕೀರಿನ ಮರಳಿನಲ್ಲಿ ಒಬ್ಬ ತರುಣನು ತನ್ನ ಚೀಲದಿಂದ ಬಿಡಿ ಪ್ಲಗ್ಗುಗಳನ್ನು ತೆಗೆದು ಹದಿನೇಳರ ಹುಡುಗನ ಕೈಗಿಟ್ಟನು. ಆ ಹುಡುಗ ಹಾರಿದನು. ಉಳ್ಳವರು ತಮ್ಮ ಚೀಲವನ್ನು ಬಿಚ್ಚುವುದಕ್ಕೂ, ಬೇಕಾದವರು ತಮ್ಮ ಎಂಜಿನ್ನನ್ನು ಸಿದ್ಧವಾಗಿಟ್ಟುಕೊಳ್ಳುವುದಕ್ಕೂ ಇದಕ್ಕಿಂತ ಹಿರಿದಾದ ಆದರ್ಶ ಬೇಕಿಲ್ಲ.